ದಿವಾಳಿ ಆದೇಶ ಇರುವಾಗಲೇ ಸ್ವಂತ ಕೆಲಸ ಶುರು ಮಾಡಬಹುದೇ?

ಪ್ರಶ್ನೆ: ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ, ಗೊಬ್ಬರ, ಔಷಧಿ ಅಂಗಡಿ ಇಟ್ಟಿದ್ದೆ. ರೈತರಿಗೆ ಉದ್ರಿ ಕೊಡುತ್ತಿದ್ದೆ, ನಾನೂ ಉದ್ರಿಯಲ್ಲೇ ಮಾಲು ತರುತ್ತಿದ್ದೆ. ಅಂಗಮಾರಿ ರೋಗ ಬಂದು ಬೆಳೆ ಹೋಯಿತು, ಕೊಟ್ಟ ಉದ್ರಿ ವಾಪಸು ಬರಲಿಲ್ಲ. ನಾನೇ ಅರ್ಜಿ ಹಾಕಿಕೊಂಡು ಕಳೆದ ವರ್ಷ ನ್ಯಾಯಾಲಯದಿಂದ ದಿವಾಳಿ ಆದೇಶ ಆಯಿತು. ಹಳೆಯ ಸಾಲಗಳ ಹೊಣೆಯಿಂದ ಬಿಡುಗಡೆಗೆ ಅರ್ಜಿ ಹಾಕಲು ಎರಡು ವರ್ಷ ಕೊಟ್ಟಿದ್ದಾರೆ. ಚಿಕ್ಕಂದಿನಿಂದ ಮೋಟಾರ್, ಸ್ಪ್ರೇಯರ್ ಬಿಚ್ಚಿ ಜೋಡಿಸಿ ಅಭ್ಯಾಸ ಇದೆ. ಬೇಲೂರು ರಸ್ತೆಯಲ್ಲಿ ಸಣ್ಣ ರಿಪೇರಿ ಶೆಡ್ ಹಾಕಬೇಕೆಂದಿದ್ದೇನೆ. ದಿವಾಳಿಯಾದವನು ಸ್ವಂತ ಕೆಲಸ ಮಾಡುವ ಹಾಗಿಲ್ಲ ಅಂತ ಕೆಲವರು, ಹೆಂಡತಿ ಹೆಸರಲ್ಲಿ ಮಾಡು ಅಂತ ಕೆಲವರು, ಒಂದು ವರ್ಷ ಆದರೆ ತಾನಾಗೇ ಬಿಡುಗಡೆ ಅಂತ ಇನ್ನು ಕೆಲವರು ಹೇಳುತ್ತಾರೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹದಿನೈದು ದಿನದ ಉದ್ರಿ ಕೊಡಲು ತಯಾರಿದ್ದಾರೆ. ಏನು ಮಾಡಲಿ? ನನಗೆ ಜಾಮೀನು ನಿಂತ ಭಾವನ ಗತಿ ಏನು?

ಉತ್ತರ: ಶೆಡ್ ಹಾಕಿ. ದುಡಿಯಬೇಡ ಎಂದು ಯಾವ ಕಾನೂನೂ ನಿಮಗೆ ಹೇಳಿಲ್ಲ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ದಿವಾಳಿ ಆದೇಶ ಆದವರಲ್ಲಿ ಎಷ್ಟೋ ಜನ ಹೆದರಿಕೊಂಡು ವರ್ಷಗಟ್ಟಲೆ ಮನೆಯಲ್ಲೇ ಕೂರುತ್ತಾರೆ. ಇಲ್ಲವೇ ಯಾರದೋ ಹೆಸರಿನ ಹಿಂದೆ ಅಡಗಿ ಕೆಲಸ ಮಾಡಿ, ಇಲ್ಲದ ತಪ್ಪನ್ನು ತಲೆಗೆ ಕಟ್ಟಿಕೊಳ್ಳುತ್ತಾರೆ. ನೀವು ಎರಡೂ ಮಾಡಬೇಡಿ.

ನಿಮಗೆ ಅನ್ವಯಿಸುವ ಕಾನೂನು ಯಾವುದೆಂದು ಮೊದಲು ನೋಡೋಣ. ಗೊಂದಲ ಹುಟ್ಟಿರುವುದೇ ಅಲ್ಲಿ. ನಿಮ್ಮ ಆದೇಶ ಆಗಿರುವುದು 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯ ಕೆಳಗೆ. 2016ರಲ್ಲಿ ಬಂದ ದಿವಾಳಿತನ ಸಂಹಿತೆಯಲ್ಲಿ ವ್ಯಕ್ತಿಗಳಿಗೆಂದೇ ಒಂದು ಭಾಗವಿದೆ. ಆದರೆ ಆ ಭಾಗ ಜಾರಿಗೆ ಬಂದಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ಸ್ವಂತ ಹೆಸರಿನ ಅಂಗಡಿ ಇಟ್ಟು ಸೋತವರಿಗೆ ಇವತ್ತಿಗೂ ನೂರು ವರ್ಷ ದಾಟಿದ ಆ ಹಳೆಯ ಕಾಯ್ದೆಯೇ ಗತಿ. ಒಂದು ವರ್ಷಕ್ಕೆ ಬಿಡುಗಡೆ ಎಂಬ ಮಾತು ಹೊಸ ಸಂಹಿತೆಯಲ್ಲಿದೆ, ಇಂಗ್ಲೆಂಡಿನ ಕಾನೂನಿನಲ್ಲೂ ಇದೆ. ನಿಮ್ಮ ಕಾಯ್ದೆಯಲ್ಲಿ ತಾನಾಗಿ ಆಗುವ ಬಿಡುಗಡೆ ಎಂಬುದೇ ಇಲ್ಲ. ನೀವು ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು.

ಆ ಎರಡು ವರ್ಷದ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. 27ನೇ ಕಲಂ ಪ್ರಕಾರ ದಿವಾಳಿ ಆದೇಶದಲ್ಲೇ ಈ ಅವಧಿ ನಿಗದಿಯಾಗಿರುತ್ತದೆ. ಅಷ್ಟರೊಳಗೆ ಬಿಡುಗಡೆಗೆ ಅರ್ಜಿ ಹಾಕದಿದ್ದರೆ 43ನೇ ಕಲಂ ಪ್ರಕಾರ ದಿವಾಳಿ ಆದೇಶವೇ ರದ್ದಾಗುತ್ತದೆ. ರದ್ದಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಆದೇಶದ ಜೊತೆ ಅದು ಕೊಟ್ಟಿದ್ದ ರಕ್ಷಣೆಯೂ ಹೋಗುತ್ತದೆ. ನ್ಯಾಯಾಲಯದ ಅನುಮತಿ ಇಲ್ಲದೆ ನಿಮ್ಮ ಮೇಲೆ ದಾವೆ ಹೂಡಲಾಗದೆ ಸುಮ್ಮನಿದ್ದ ಸಾಲ ಕೊಟ್ಟವರೆಲ್ಲ ಮತ್ತೆ ಬಾಗಿಲಿಗೆ ಬರುತ್ತಾರೆ. ಅವಧಿ ಸಾಲದು ಅನ್ನಿಸಿದರೆ ಅದು ಮುಗಿಯುವ ಮೊದಲೇ, ಸರಿಯಾದ ಕಾರಣ ತೋರಿಸಿ ವಿಸ್ತರಣೆ ಕೇಳಿ.

ಈಗ ಉದ್ರಿಯ ವಿಚಾರ. ನಿಮ್ಮ ಹೊಸ ಬದುಕಿಗೆ ಅಪಾಯ ಬರುವುದಾದರೆ ಈ ದಾರಿಯಿಂದಲೇ ಬರುತ್ತದೆ. 72ನೇ ಕಲಂ ಏನು ಹೇಳುತ್ತದೆ ಕೇಳಿ: ಬಿಡುಗಡೆಯಾಗದ ದಿವಾಳಿಯೊಬ್ಬ, ತಾನು ಅಂಥವನೆಂದು ಎದುರಿನವರಿಗೆ ತಿಳಿಸದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ಪಡೆದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಐವತ್ತೇ ರೂಪಾಯಿ. 1920ರಲ್ಲಿ ಅದು ದೊಡ್ಡ ಮೊತ್ತವಾಗಿತ್ತು. ಇವತ್ತು ಒಂದು ಸ್ಪಾರ್ಕ್ ಪ್ಲಗ್ ತಂದರೆ ಆ ಮಿತಿ ದಾಟುತ್ತದೆ. ನೀವು ಆ ಹಣವನ್ನು ಹದಿನೈದನೇ ದಿನಕ್ಕೆ ಸರಿಯಾಗಿ ಕಟ್ಟಿದಿರೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಹೇಳದೆ ಪಡೆದದ್ದೇ ಅಪರಾಧ.

ಹೇಳಿ ಪಡೆದರೆ? ಅದಕ್ಕೆ ಈ ಕಲಂ ಅಡ್ಡಿ ಮಾಡುವುದಿಲ್ಲ. ಆದ್ದರಿಂದ ಸ್ಪೇರ್ ಪಾರ್ಟ್ಸ್ ಅಂಗಡಿಯವರ ಉದ್ರಿ ಬೇಕೇ ಬೇಕು ಅನ್ನಿಸಿದರೆ ಮೊದಲ ದಿನವೇ ಒಂದು ಕಾಗದ ಬರೆದುಕೊಡಿ. ದೊಡ್ಡ ಭಾಷೆ ಬೇಡ. "ನನ್ನನ್ನು ಇಂಥ ನ್ಯಾಯಾಲಯ, ಇಂಥ ಸಂಖ್ಯೆಯ ಪ್ರಕರಣದಲ್ಲಿ, ಇಂಥ ದಿನ ದಿವಾಳಿ ಎಂದು ಘೋಷಿಸಿದೆ. ನನಗೆ ಇನ್ನೂ ಬಿಡುಗಡೆ ಆಗಿಲ್ಲ. ಇದನ್ನು ತಿಳಿದ ಮೇಲೆ ನೀವು ಉದ್ರಿ ಕೊಡುವುದಾದರೆ ಕೊಡಿ" ಎಂದಿದ್ದರೆ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಅವರ ಸಹಿ ಮತ್ತು ತಾರೀಕು ಹಾಕಿಸಿಕೊಂಡು ಜೋಪಾನವಾಗಿಡಿ. ದಿವಾಳಿ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ, ಹಾಸನದಂಥ ಊರಿನಲ್ಲಿ ಎಲ್ಲರಿಗೂ ಗೊತ್ತೇ ಇರುತ್ತದೆ, ಮತ್ತೆ ಹೇಳುವುದೇನು ಎಂದುಕೊಳ್ಳಬೇಡಿ. ಕಾಯ್ದೆ ಕೇಳುವುದು ನೀವು ತಿಳಿಸಿದಿರಾ ಎಂದು.

ಹೇಳುವುದಕ್ಕೆ ನಾಚಿಕೆಯಾಗುತ್ತದೆ ಎಂಬುದು ನನಗೆ ಗೊತ್ತಿದೆ. ಸಂತೆಯಲ್ಲಿ, ಮದುವೆಮನೆಯಲ್ಲಿ ಎದುರಾಗುವ ಜನರ ಮುಂದೆ ಈ ಕಾಗದ ಹಿಡಿಯುವುದು ಸುಲಭವಲ್ಲ. ಆದರೆ ನೀವು ಯಾರನ್ನೂ ಮೋಸ ಮಾಡಿ ಓಡಿಹೋಗಲಿಲ್ಲ. ಇದ್ದದ್ದನ್ನೆಲ್ಲ ನ್ಯಾಯಾಲಯದ ಮುಂದೆ ಇಟ್ಟು ನಿಂತಿದ್ದೀರಿ. ಆ ಕಾಗದ ಹೇಳುವುದೂ ಅದನ್ನೇ.

ಆದರೂ ನನ್ನ ಸಲಹೆ ಕೇಳಿದರೆ, ಬಿಡುಗಡೆ ಆಗುವವರೆಗೆ ಉದ್ರಿಯೇ ಬೇಡದ ಹಾಗೆ ಕೆಲಸವನ್ನು ಕಟ್ಟಿಕೊಳ್ಳಿ. ನಿಮ್ಮ ಹಳೆಯ ಅಂಗಡಿಯ ಸ್ವಭಾವವೇ ಉದ್ರಿ. ಪಂಜಾಬಿನ ಜಲಂಧರಿನಿಂದ ಬಿತ್ತನೆ ಗಡ್ಡೆ ಬರುವಾಗಲೇ ಹಣ ಕಟ್ಟಬೇಕು, ರೈತ ಕೊಡುವುದು ಗಡ್ಡೆ ಕಿತ್ತು ಮಾರಿದ ಮೇಲೆ. ನಡುವಿನ ತಿಂಗಳುಗಳ ಭಾರ ಪೂರ್ತಿ ನಿಮ್ಮ ಹೆಗಲ ಮೇಲೆ. ರಿಪೇರಿ ಕೆಲಸ ಹಾಗಲ್ಲ. ಅದರಲ್ಲಿ ಮಾರಾಟವಾಗುವುದು ನಿಮ್ಮ ಕೈ ಮತ್ತು ನಿಮ್ಮ ಹೊತ್ತು. ಯಂತ್ರ ತಂದವರಿಗೆ ಯಾವ ಪಾರ್ಟ್ ಹೋಗಿದೆ ಎಂದು ಚೀಟಿ ಬರೆದುಕೊಡಿ, ಅವರೇ ಅಂಗಡಿಯಿಂದ ತಂದುಕೊಡಲಿ, ನೀವು ಕೂಲಿ ಮಾತ್ರ ತೆಗೆದುಕೊಳ್ಳಿ. ಆಗ ನಿಮ್ಮ ಶೆಡ್ಡಿನಲ್ಲಿ ದಾಸ್ತಾನು ಇರುವುದಿಲ್ಲ, ಅಂಗಡಿಯವರ ಸಾಲ ಇರುವುದಿಲ್ಲ, ಗಿರಾಕಿಯ ಮುಂಗಡವೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮುಂಗಡ ತೆಗೆದುಕೊಂಡು ಕೆಲಸ ತಡವಾದರೆ, ಅದೂ ಒಂದು ಬಗೆಯ ಸಾಲವೇ ಎಂದು ಯಾರಾದರೂ ವಾದ ಎತ್ತಬಹುದು. ಅದಕ್ಕೆ ಎಡೆ ಕೊಡದಿರುವುದೇ ಕ್ಷೇಮ. ಶೆಡ್ಡಿನ ಬಾಡಿಗೆಯನ್ನೂ ತಿಂಗಳ ಮೊದಲೇ ಕಟ್ಟಿ.

ನಮ್ಮ ಕಡೆ ಈ ಕೆಲಸಕ್ಕೆ ವರ್ಷವಿಡೀ ಬೇಡಿಕೆ ಇದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿ ಹೂವಿಗೆ ನೀರು ಹಾರಿಸುವ ಪಂಪು, ಡೀಸೆಲ್ ಎಂಜಿನ್ನು. ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆಯುವ ಸ್ಪ್ರೇಯರು. ಮಳೆಗಾಲದಲ್ಲಿ ಕಳೆ ಹೊಡೆಯುವ ಯಂತ್ರ. ಹಣ್ಣು ಕೊಯ್ಲಿಗೆ ಮೊದಲು ಸಿಪ್ಪೆ ಬಿಡಿಸುವ ಪಲ್ಪರ್. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ದೊಡ್ಡ ತೋಟಗಳ ಕೆಲಸ ಹಿಡಿದರೆ ಬಿಲ್ಲು ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಹೋಗಿ, ಸಾಹುಕಾರರ ಸಹಿಯಾಗಿ, ಹಣ ಬರುವ ಹೊತ್ತಿಗೆ ಎರಡು ತಿಂಗಳಾಗುತ್ತದೆ. ನೀವು ಉದ್ರಿ ಕೊಡುವುದನ್ನು ಕಾಯ್ದೆ ತಡೆಯುವುದಿಲ್ಲ. ಆದರೆ ಬರಬೇಕಾದ ಬಾಕಿಯೂ ನಿಮ್ಮ ಆಸ್ತಿಯೇ, ನಿಮ್ಮ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದ ರಿಸೀವರ್ ಅದನ್ನು ಕೇಳಬಹುದು. ಅದಕ್ಕಿಂತ ಸಣ್ಣ ಬೆಳೆಗಾರರ ಕೆಲಸ ಹಿಡಿದು, ಯಂತ್ರ ಕೊಡುವಾಗಲೇ ಹಣ ತೆಗೆದುಕೊಳ್ಳಿ.

ದುಡಿದದ್ದೆಲ್ಲ ರಿಸೀವರ್ ಪಾಲಾಗುತ್ತದೆಯೇ ಎಂಬುದು ನೀವು ಕೇಳದಿದ್ದರೂ ಮನಸ್ಸಿನಲ್ಲಿರುವ ಪ್ರಶ್ನೆ. 28ನೇ ಕಲಂ ಓದಿದರೆ ಭಯವಾಗುವುದು ಸಹಜ. ದಿವಾಳಿ ಆದೇಶದ ದಿನ ಇದ್ದ ಆಸ್ತಿ ಮಾತ್ರವಲ್ಲ, ಅದಾದ ಮೇಲೆ ಬಿಡುಗಡೆಯವರೆಗೆ ನೀವು ಗಳಿಸಿದ ಆಸ್ತಿ, ಹಿರಿಯರಿಂದ ಬಂದ ಆಸ್ತಿ ಕೂಡ ನ್ಯಾಯಾಲಯಕ್ಕೆ ಅಥವಾ ರಿಸೀವರಿಗೆ ಸೇರುತ್ತದೆ ಎಂದು ಅದರಲ್ಲಿದೆ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಸಿವಿಲ್ ಪ್ರಕ್ರಿಯಾ ಸಂಹಿತೆ ಯಾವುದನ್ನು ಜಪ್ತಿಯಿಂದ ಹೊರಗಿಟ್ಟಿದೆಯೋ ಅದು ಇದರೊಳಗೆ ಬರುವುದಿಲ್ಲ. ಆ ಸಂಹಿತೆಯ 60ನೇ ಕಲಮಿನಲ್ಲಿ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಣ್ಣುಮಕ್ಕಳು ಧರ್ಮದ ರೂಢಿಯಂತೆ ತೆಗೆಯಲಾಗದ ಒಡವೆ, ಜೀವ ವಿಮೆಯ ಹಣ, ಜೊತೆಗೆ ಕಸುಬುದಾರರ ಉಪಕರಣಗಳು ಇವೆ. ನಿಮ್ಮ ಸ್ಪ್ಯಾನರ್, ಪುಲ್ಲರ್, ವೈಸ್ ಆ ಕೊನೆಯ ಗುಂಪಿನವು ಎಂದು ಹೇಳಿಕೊಳ್ಳಲು ನಿಮಗೆ ಗಟ್ಟಿಯಾದ ನೆಲೆ ಇದೆ. ಅವುಗಳ ಪಟ್ಟಿಯನ್ನು ನೀವೇ ಮುಂದಾಗಿ ರಿಸೀವರಿಗೆ ಕೊಡಿ. ಯಾರಾದರೂ ವೆಲ್ಡಿಂಗ್ ಮಿಷನ್ನನ್ನೋ ಕಂಪ್ರೆಸರನ್ನೋ ಬಳಸಲು ಕೊಟ್ಟಿದ್ದರೆ, ಅದು ಅವರದ್ದೇ ಎಂದು ಅವರಿಂದ ಬರೆಸಿ ಆ ಪಟ್ಟಿಯ ಜೊತೆ ಇಡಿ.

ಇನ್ನು ಕೂಲಿ ಹಣ. ದಿವಾಳಿಯಾದವರು ಮೈಮುರಿದು ದುಡಿದದ್ದರಲ್ಲಿ ತಮ್ಮ ಮತ್ತು ಸಂಸಾರದ ಹೊಟ್ಟೆಬಟ್ಟೆಗೆ ಬೇಕಾದಷ್ಟನ್ನು ನ್ಯಾಯಾಲಯಗಳು ಅವರಿಗೇ ಬಿಡುತ್ತ ಬಂದಿವೆ. ಮಿಕ್ಕಿದ್ದಕ್ಕೆ ಸಾಲ ಕೊಟ್ಟವರ ಹಕ್ಕು ಇದೆ. ಎಷ್ಟು ಬೇಕು, ಎಷ್ಟು ಮಿಕ್ಕಿದ್ದು ಎಂಬುದನ್ನು ನೀವೇ ತೀರ್ಮಾನಿಸಿಕೊಂಡು ಕೂರಬೇಡಿ. 66ನೇ ಕಲಂ ಇದೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಆ ಕಲಂ ಪ್ರಕಾರ, ದಿವಾಳಿಯ ಆಸ್ತಿಯಿಂದ ಅವನ ಮತ್ತು ಅವನ ಸಂಸಾರದ ಜೀವನಕ್ಕೆಂದು ನ್ಯಾಯಾಲಯ ಭತ್ಯೆ ಗೊತ್ತುಮಾಡಬಹುದು. ಸಾಲ ಕೊಟ್ಟವರ ಹಿತಕ್ಕಾಗಿ ವ್ಯಾಪಾರ ಮುಂದುವರಿಸಲು ದಿವಾಳಿಯನ್ನೇ ನೇಮಿಸಲೂಬಹುದು. ಅಂದರೆ ನೀವು ದುಡಿಯುವುದನ್ನು ಈ ಕಾಯ್ದೆ ನಿರೀಕ್ಷಿಸಿಯೇ ಇದೆ. ಶೆಡ್ ಶುರು ಮಾಡುವ ಮೊದಲೇ ನಿಮ್ಮ ವಕೀಲರ ಮೂಲಕ ಒಂದು ಅರ್ಜಿ ಹಾಕಿಸಿ: ಇಂಥ ಕೆಲಸ ಮಾಡುತ್ತೇನೆ, ತಿಂಗಳಿಗೆ ಇಷ್ಟು ಬರುವ ಅಂದಾಜಿದೆ, ಮಕ್ಕಳ ಫೀಸು, ತಾಯಿಯ ಔಷಧಿ, ಮನೆಬಾಡಿಗೆ ಸೇರಿ ಇಷ್ಟು ಖರ್ಚಿದೆ, ಇಷ್ಟನ್ನು ಇಟ್ಟುಕೊಳ್ಳಲು ಅನುಮತಿ ಕೊಡಿ, ಉಳಿದದ್ದನ್ನು ರಿಸೀವರಿಗೆ ಕಟ್ಟುತ್ತೇನೆ ಎಂದು. ಆದೇಶ ಕೈಯಲ್ಲಿದ್ದರೆ ರಾತ್ರಿ ನಿದ್ದೆ ಬರುತ್ತದೆ.

ಲೆಕ್ಕದ ಪುಸ್ತಕದ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭ ತೋರಿಸಿ ಮುಗಿಸುವ ಸೌಲಭ್ಯವಿದೆ, ಲೆಕ್ಕ ಬರೆಯದಿದ್ದರೂ ನಡೆಯುತ್ತದೆ ಎಂದು ಆಡಿಟರ್ ಹೇಳಬಹುದು. ತೆರಿಗೆಯ ಮಟ್ಟಿಗೆ ಅದು ಸರಿ. ನಿಮ್ಮ ಮಟ್ಟಿಗೆ ಸಾಲದು. ಬಿಡುಗಡೆ ಅರ್ಜಿ ವಿಚಾರಣೆಗೆ ಬಂದ ದಿನ ನ್ಯಾಯಾಲಯಕ್ಕೆ ನಾಲ್ಕು ದಾರಿಗಳಿವೆ: ಪೂರ್ತಿ ಬಿಡುಗಡೆ ಕೊಡುವುದು, ನಿರಾಕರಿಸುವುದು, ಇಷ್ಟು ಕಾಲದ ನಂತರ ಎಂದು ಮುಂದೂಡುವುದು, ಇಲ್ಲವೇ ಮುಂದೆ ಬರುವ ಆದಾಯದ ಮೇಲೆ ಷರತ್ತು ಹಾಕಿ ಬಿಡುಗಡೆ ಮಾಡುವುದು. ಷರತ್ತು ಹಾಕುವಾಗ ನಿಮ್ಮ ಆದಾಯ ಎಷ್ಟೆಂದು ಗೊತ್ತಾಗಬೇಕಲ್ಲ? ದಿನದ ಲೆಕ್ಕ ಬರೆದ ಪುಸ್ತಕ ಇದ್ದರೆ ಷರತ್ತು ನಿಮ್ಮ ಶಕ್ತಿಗೆ ತಕ್ಕಂತೆ ಇರುತ್ತದೆ. ಇಲ್ಲದಿದ್ದರೆ ಸಾಲ ಕೊಟ್ಟವರ ವಕೀಲರು ಹೇಳಿದ ಅಂಕಿಯೇ ನಿಲ್ಲುತ್ತದೆ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಯಂತ್ರ ಯಾವುದು, ಯಾರದು, ಕೂಲಿ ಎಷ್ಟು, ಖರ್ಚು ಎಷ್ಟು. ಹಣವನ್ನು ಆದಷ್ಟೂ ಕ್ಯೂಆರ್ ಕೋಡ್ ಮೂಲಕ ನಿಮ್ಮದೇ ಹೆಸರಿನ ಒಂದೇ ಖಾತೆಗೆ ಹಾಕಿಸಿ. ಖಾತೆ ತೆರೆಯುವಾಗ ಬ್ಯಾಂಕಿಗೆ ದಿವಾಳಿ ಆದೇಶದ ಪ್ರತಿ ಕೊಡಿ, ಓವರ್‌ಡ್ರಾಫ್ಟ್ ಸೌಲಭ್ಯ ಬೇಡವೆಂದು ಬರೆದುಕೊಡಿ. ತಿಂಗಳ ಕೊನೆಗೆ ಖಾತೆಯ ವಿವರವನ್ನೂ ಪುಸ್ತಕದ ನಕಲನ್ನೂ ರಿಸೀವರಿಗೆ ಕಳುಹಿಸಿ, ಸ್ವೀಕೃತಿ ಪಡೆಯಿರಿ.

ಹಳೆಯ ಅಂಗಡಿಯ ಪುಸ್ತಕಗಳನ್ನೂ ಕಳೆಯಬೇಡಿ. ಪೂರ್ತಿ ಬಿಡುಗಡೆಯನ್ನು ಯಾವಾಗ ನಿರಾಕರಿಸಬೇಕೆಂದು 42ನೇ ಕಲಂ ಪಟ್ಟಿ ಕೊಡುತ್ತದೆ. ದಿವಾಳಿಗೆ ಮೊದಲಿನ ಮೂರು ವರ್ಷ ಸರಿಯಾಗಿ ಲೆಕ್ಕ ಇಡದಿರುವುದು, ತೀರಿಸಲಾಗದೆಂದು ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದು, ಜೂಜಿನಂಥ ವ್ಯವಹಾರ, ದುಂದುಗಾರಿಕೆ, ಆಸ್ತಿ ಮುಚ್ಚಿಟ್ಟದ್ದು ಅದರಲ್ಲಿವೆ. ನಿಮಗೆ ಮುಖ್ಯವಾದದ್ದು ಆ ಪಟ್ಟಿಯ ಮೊದಲ ಅಂಶ: ಅಡಮಾನವಿಲ್ಲದ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಇಲ್ಲದಿದ್ದರೆ ಪೂರ್ತಿ ಬಿಡುಗಡೆ ಇಲ್ಲ, ಆ ಸ್ಥಿತಿ ತನ್ನ ಹೊಣೆಯಲ್ಲದ ಕಾರಣದಿಂದ ಬಂತೆಂದು ತೋರಿಸಿದರೆ ಮಾತ್ರ ಉಂಟು. ಅಂಗಮಾರಿ ನಿಮ್ಮ ಹೊಣೆಯಲ್ಲ. ಆದರೆ ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ಆ ವರ್ಷಗಳಲ್ಲಿ ನಿಮ್ಮ ಹೋಬಳಿಗಳಲ್ಲಿ ಆಲೂಗಡ್ಡೆ ಬೆಳೆ ಹಾಳಾದ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿರುವ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ಉದ್ರಿ ಬಾಕಿದಾರರಲ್ಲಿ ಯಾರಿಗಾದರೂ ಬೆಳೆ ವಿಮೆ ಪರಿಹಾರ ಬಂದಿದ್ದರೆ ಅದರ ನಕಲು ಕೇಳಿ ಪಡೆಯಿರಿ. ಪತ್ರಿಕೆಗಳ ಜಿಲ್ಲಾ ಪುಟಗಳ ಸುದ್ದಿಯನ್ನೂ ಕತ್ತರಿಸಿಡಿ. ಇದನ್ನು ಈಗಲೇ ಶುರು ಮಾಡಿ. ಗಡುವಿನ ಹಿಂದಿನ ವಾರ ಕಚೇರಿಗಳ ಬಾಗಿಲಲ್ಲಿ ನಿಂತರೆ ಏನೂ ಸಿಗುವುದಿಲ್ಲ.

ಹೆಂಡತಿ ಹೆಸರಿನಲ್ಲಿ ಮಾಡು ಎಂದವರ ಮಾತಿಗೆ ಬರುತ್ತೇನೆ. ನಿಮ್ಮ ಮನೆಯವರು ತಮ್ಮದೇ ಹಣದಿಂದ, ತಾವೇ ನಿಂತು ಒಂದು ಕೆಲಸ ನಡೆಸುವುದಾದರೆ ಅದು ಅವರ ಹಕ್ಕು, ನಿಮ್ಮ ದಿವಾಳಿತನಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಎಂಜಿನ್ ಬಿಚ್ಚುವವರು ನೀವು, ಬೋರ್ಡಿನಲ್ಲಿರುವುದು ಅವರ ಹೆಸರು, ಹಣ ಹೋಗುವುದು ಅವರ ಖಾತೆಗೆ ಎಂದಾದರೆ ಅದು ಆದಾಯ ಮುಚ್ಚಿಟ್ಟಂತೆಯೇ. 69ನೇ ಕಲಂ ಪ್ರಕಾರ ಆಸ್ತಿ ಮುಚ್ಚಿಟ್ಟವರಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಬಿಡುಗಡೆಯ ದಿನ ಈ ಒಂದೇ ಸಂಗತಿ ಸಾಕು, ನಿಮ್ಮ ಉಳಿದ ಒಳ್ಳೆಯತನವೆಲ್ಲ ನೀರಿನ ಪಾಲಾಗಲು. ಇದಕ್ಕಿಂತಲೂ ನನ್ನನ್ನು ಕಾಡುವುದು ಬೇರೆ. ನಿಮ್ಮ ಸಾಲದ ಬಿಸಿ ಇದುವರೆಗೆ ತಾಗದ ಒಬ್ಬರು ಆ ಮನೆಯಲ್ಲಿ ಇದ್ದಾರೆಂದರೆ ಅದು ಅವರು. ಅವರ ಪ್ಯಾನ್, ಅವರ ಸಹಿ, ಸ್ವಸಹಾಯ ಸಂಘದಲ್ಲಿ ಅವರು ವರ್ಷಗಳಿಂದ ಉಳಿಸಿಕೊಂಡ ಹೆಸರು, ಇವನ್ನು ಇದಕ್ಕೆ ಎಳೆಯಬೇಡಿ.

ಸ್ನೇಹಿತರ ಜೊತೆ ಸೇರಿ ಕಂಪನಿ ಮಾಡೋಣ ಎಂಬ ಸಲಹೆಯೂ ಬರುತ್ತದೆ. 2013ರ ಕಂಪನಿ ಕಾಯ್ದೆಯ 164ನೇ ಕಲಂ ಪ್ರಕಾರ ಬಿಡುಗಡೆಯಾಗದ ದಿವಾಳಿ ನಿರ್ದೇಶಕನಾಗುವಂತಿಲ್ಲ. ಎಲ್‌ಎಲ್‌ಪಿಯಲ್ಲಿ (ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ ಸಂಸ್ಥೆಯಲ್ಲಿ) ಪಾಲುದಾರನಾಗುವಂತಿಲ್ಲ. ಸಾಮಾನ್ಯ ಪಾಲುದಾರಿಕೆಯಲ್ಲೂ, ಇದ್ದ ಪಾಲುದಾರ ದಿವಾಳಿಯೆಂದು ಘೋಷಿತನಾದ ದಿನವೇ ಹೊರಬೀಳುತ್ತಾನೆ. ನಿಮಗೆ ತಕ್ಕದ್ದು ಒಬ್ಬರೇ ನಡೆಸುವ ಸ್ವಂತ ಹೆಸರಿನ ಕೆಲಸ. ಗ್ರಾಮ ಪಂಚಾಯಿತಿ, ನಗರಾಡಳಿತದ ಚುನಾವಣೆಗೂ ಸದ್ಯ ನಿಲ್ಲುವ ಹಾಗಿಲ್ಲ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಬೇಕಿದ್ದರೆ ಸಣ್ಣ ಉದ್ಯಮಗಳಿಗೆಂದು ಉಚಿತವಾಗಿ ಆಗುವ ಉದ್ಯಮ್ ನೋಂದಣಿ. ಸೇವೆಯಿಂದ ಬರುವ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಹಳೆಯ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇನ್ನೂ ಜೀವಂತ ಇದ್ದರೆ ರಿಸೀವರಿಗೆ ತಿಳಿಸಿ ರದ್ದು ಮಾಡಿಸಿ, ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಸಲ್ಲಿಸಿ. ಸರ್ಕಾರಕ್ಕೆ ಕೊಡಬೇಕಾದ ಬಾಕಿ ಬಿಡುಗಡೆಯಾದ ಮೇಲೂ ತೀರುವುದಿಲ್ಲ, 44ನೇ ಕಲಂ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಸುಮ್ಮನೆ ಬಿಟ್ಟರೆ ಅದರ ಮೇಲೆ ಬಡ್ಡಿ, ದಂಡ ಬೆಳೆಯುತ್ತಲೇ ಹೋಗುತ್ತದೆ.

ಕೊನೆಗೆ ನಿಮ್ಮ ಭಾವ. ಇಲ್ಲಿ ಹಿತವಾದ ಉತ್ತರ ಇಲ್ಲ. ನಿಮಗೆ ಬಿಡುಗಡೆ ಆದರೂ ಅದು ಜಾಮೀನುದಾರರನ್ನು ಬಿಡಿಸುವುದಿಲ್ಲ ಎಂದು ಅದೇ 44ನೇ ಕಲಂ ಹೇಳುತ್ತದೆ. ಅಂದರೆ ಅವರು ಸಹಿ ಹಾಕಿದ ಸಾಲಕ್ಕೆ ಅವರ ಹೊಣೆ ಉಳಿಯುತ್ತದೆ. ಅವರನ್ನು ಉಳಿಸಲು ನೀವು ಮಾಡಬಹುದಾದದ್ದು ರಾಜಿಯ ಪ್ರಸ್ತಾಪ. ದಿವಾಳಿ ಆದೇಶವಾದ ಮೇಲೂ, ಇಷ್ಟು ಹಣವನ್ನು ಇಷ್ಟು ಕಂತಿನಲ್ಲಿ ಕೊಡುತ್ತೇನೆ ಎಂದು 38ನೇ ಕಲಂ ಅಡಿ ಸಾಲ ಕೊಟ್ಟವರ ಮುಂದೆ ಪ್ರಸ್ತಾಪ ಇಡಬಹುದು. ಸಾಲ ರುಜುವಾತುಪಡಿಸಿ ಸಭೆಗೆ ಬಂದವರಲ್ಲಿ ಹೆಚ್ಚು ಜನ, ಸಾಲದ ಮೊತ್ತದಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಇರುವವರು ಒಪ್ಪಿ, ನ್ಯಾಯಾಲಯವೂ ಒಪ್ಪಿದರೆ ದಿವಾಳಿ ಆದೇಶವೇ ರದ್ದಾಗಿ ಆ ರಾಜಿ ಎಲ್ಲರನ್ನೂ ಕಟ್ಟುತ್ತದೆ. ಭಾವ ಜಾಮೀನು ನಿಂತ ಸಾಲದವರ ಜೊತೆ ಮೊದಲೇ ಮಾತಾಡಿ, ರಾಜಿಯ ಪತ್ರದಲ್ಲೇ ಜಾಮೀನಿನ ಬಿಡುಗಡೆಯನ್ನೂ ಸೇರಿಸಲು ಕೇಳಿ. ಇವತ್ತು ಬರಿಗೈಯಲ್ಲಿ ಹೋಗಿ ಕೇಳಿದರೆ ಅವರು ಒಪ್ಪುವುದು ಕಷ್ಟ. ಒಂದು ಕಾಫಿ ಹಂಗಾಮು ಕಳೆದ ಮೇಲೆ, ರಿಸೀವರ್ ಸ್ವೀಕೃತಿ ಇರುವ ತಿಂಗಳ ಲೆಕ್ಕಗಳನ್ನು ಮುಂದಿಟ್ಟುಕೊಂಡು, ಭಾವನನ್ನೂ ಜೊತೆಗೆ ಕರೆದುಕೊಂಡು ಹೋಗಿ ಕೇಳಿ.